‘ಬುದ್ಧಿಮಾಂದ್ಯೆ’ ಎಂಬ ಶೀರ್ಷಿಕೆ ನಿಲ್ಲಲಿ

ಮಾನ್ಯ ಸಂಪಾದಕರೇ,

ಬೌದ್ಧಿಕ ಅಂಗವೈಕಲ್ಯ ಇರುವ ಮಕ್ಕಳ, ಬೆಳೆದು ದೊಡ್ಡವರಾದ ಮಕ್ಕಳ ತಂದೆ ತಾಯಂದಿರು ನಾವು. ಕನ್ನಡ ಪತ್ರಿಕೆಗಳೂ ಸುದ್ದಿವಾಹಿನಿಗಳೂ ಇವರ ಬಗ್ಗೆ ಬಳಸುವ ಮಾತಿನ ವಿಷಯವಾಗಿ ಈ ಪತ್ರ. ಯಾವುದೋ ಒಂದು ಪತ್ರಿಕೆಯ ಮೇಲಿನ ದೂರು ಇದಲ್ಲ. ಅಪರಾಧ ಸುದ್ದಿಯಲ್ಲಿ ‘ಬುದ್ಧಿಮಾಂದ್ಯೆ ಮೇಲೆ ಅತ್ಯಾಚಾರ’, ರಾಜಕೀಯ ಸುದ್ದಿಯಲ್ಲಿ ಎದುರಾಳಿಯನ್ನು ‘ಬುದ್ಧಿಮಾಂದ್ಯ’ ಎಂದು ಜರೆದ ಹೇಳಿಕೆ, ಒಳಪುಟದಲ್ಲಿ ‘ಬುದ್ಧಿಮಾಂದ್ಯ ಮಕ್ಕಳಿಗೆ ಹಣ್ಣು ಹಂಪಲು ವಿತರಣೆ’. ಕನ್ನಡ ಓದುಗರಿಗೆ ಈ ಮೂರೂ ಎಷ್ಟು ರೂಢಿಯಾಗಿವೆ ಎಂದರೆ ಯಾರೂ ತಡೆದು ನಿಂತು ನೋಡುವುದಿಲ್ಲ. ಅನ್ಯಾಯಕ್ಕೊಳಗಾದ ಹೆಣ್ಣುಮಗಳಿಗೂ ಅದೇ ಪದ, ಬೈಗುಳಕ್ಕೂ ಅದೇ ಪದ, ಕೈಚಾಚಿ ನಿಂತ ಮಗುವಿನ ಫೋಟೊ ಅಡಿಗೂ ಅದೇ ಪದ.

ಮೊದಲು ಆ ಶೀರ್ಷಿಕೆಯನ್ನೇ ನೋಡೋಣ. ಬುದ್ಧಿಮಾಂದ್ಯ ಎಂಬುದು ಸ್ಥಿತಿಯ ಹೆಸರು, ಅಗ್ನಿಮಾಂದ್ಯ ಇದ್ದ ಹಾಗೆ. ಅಗ್ನಿಮಾಂದ್ಯ ಇರುವ ಹೆಂಗಸನ್ನು ಯಾರೂ ‘ಅಗ್ನಿಮಾಂದ್ಯೆ’ ಎಂದು ಕರೆದದ್ದಿಲ್ಲ. ಇಲ್ಲಿ ಮಾತ್ರ ಸ್ಥಿತಿಗೇ ಸ್ತ್ರೀಲಿಂಗ ಪ್ರತ್ಯಯ ಹಚ್ಚಿ ಅದನ್ನೇ ಆಕೆಯ ಹೆಸರಾಗಿಸುತ್ತೇವೆ. ಯುವತಿ, ಮಹಿಳೆ, ವಿದ್ಯಾರ್ಥಿನಿ, ಕಾರ್ಮಿಕೆ ಎಂಬ ಯಾವ ಗುರುತೂ ಆಕೆಗೆ ಉಳಿಯುವುದಿಲ್ಲ. ಸುದ್ದಿ ತಿದ್ದಿ ಶೀರ್ಷಿಕೆ ಕೊಡುವ ಡೆಸ್ಕ್‌ನಲ್ಲಿ ಕೆಲಸ ಮಾಡುವವರ ಕಷ್ಟ ನಮಗೆ ಅರ್ಥವಾಗುತ್ತದೆ. ಎರಡು ಕಾಲಂ ಅಗಲದಲ್ಲಿ ‘ಬೌದ್ಧಿಕ ಅಂಗವೈಕಲ್ಯ ಇರುವ ಯುವತಿ ಮೇಲೆ ಅತ್ಯಾಚಾರ’ ಕೂರುವುದಿಲ್ಲ, ‘ಬುದ್ಧಿಮಾಂದ್ಯೆ’ ಕೂರುತ್ತದೆ. ಆದರೆ ಶೀರ್ಷಿಕೆಯಲ್ಲಿ ಅಂಗವೈಕಲ್ಯದ ಮಾತು ಬರಲೇಬೇಕೆ? ‘ಯುವತಿ ಮೇಲೆ ಅತ್ಯಾಚಾರ: ಇಬ್ಬರ ಬಂಧನ’ ಎಂದು ಕೊಟ್ಟರೆ ಜಾಗವೂ ಉಳಿಯುತ್ತದೆ, ಬಂಧಿತರ ವಿಷಯವೂ ಶೀರ್ಷಿಕೆಗೆ ಬರುತ್ತದೆ. ಅಂಗವೈಕಲ್ಯದ ಸಂಗತಿ ಸುದ್ದಿಯ ಒಳಗೆ, ಅದು ಸುದ್ದಿಗೆ ಸಂಬಂಧಪಡುವ ಕಡೆ ಬರಲಿ. ಇಂಥ ಪ್ರಕರಣದಲ್ಲಿ ಅದು ಸಂಬಂಧಪಡುತ್ತದೆ ಕೂಡ. ಮಾನಸಿಕ ಅಥವಾ ದೈಹಿಕ ಅಂಗವೈಕಲ್ಯ ಇರುವ ಮಹಿಳೆಯ ಮೇಲಿನ ಅತ್ಯಾಚಾರಕ್ಕೆ ಭಾರತೀಯ ನ್ಯಾಯ ಸಂಹಿತೆಯ 64(2)(ಕೆ) ಅನ್ವಯ ಕನಿಷ್ಠ 10 ವರ್ಷ ಕಠಿಣ ಶಿಕ್ಷೆ ಇದೆ, ಜೀವಾವಧಿಯವರೆಗೂ ವಿಧಿಸಬಹುದು. ಆ ಕಲಂ ಹಾಕಿದ್ದಾರೆಯೇ ಎಂದು ಠಾಣೆಯಲ್ಲಿ ಕೇಳಿ ಬರೆದರೆ ಅದು ನಿಜವಾಗಿ ಉಪಯೋಗಕ್ಕೆ ಬರುವ ವರದಿ. ಅದರ ಬದಲು ಆಕೆಯ ಅಂಗವೈಕಲ್ಯವನ್ನು ಶೀರ್ಷಿಕೆಯಲ್ಲಿ ಹಾಕಿ, ತಂದೆಯ ಉದ್ಯೋಗ, ಊರು, ಕಲಿಯುತ್ತಿರುವ ವಿಶೇಷ ಶಾಲೆಯ ಹೆಸರನ್ನು ಒಳಗೆ ಬರೆದರೆ ಆಕೆ ಯಾರೆಂದು ಸುತ್ತಲಿನವರಿಗೆಲ್ಲ ತಿಳಿಯುತ್ತದೆ. ಒಂದು ಊರಿನಲ್ಲಿ ಅಂಥ ಅಂಗವೈಕಲ್ಯ ಇರುವ ಆ ವಯಸ್ಸಿನ ಯುವತಿ ಒಬ್ಬಳೇ ಇರಬಹುದು. ಹೆಸರು ಬಿಟ್ಟ ಮಾತ್ರಕ್ಕೆ ಗುರುತು ಮುಚ್ಚಿದಂತಾಗುವುದಿಲ್ಲ. ಗುರುತು ಬಯಲು ಮಾಡುವುದು ನ್ಯಾಯ ಸಂಹಿತೆಯ 72ನೇ ಕಲಂನಲ್ಲಿ 2 ವರ್ಷದವರೆಗೆ ಶಿಕ್ಷೆ ಇರುವ ಅಪರಾಧ.

ಇಂಥ ವರದಿಗಳ ಕೊನೆಯಲ್ಲಿ ಮತ್ತೆ ಮತ್ತೆ ಬರುವ ಇನ್ನೊಂದು ಸಾಲಿದೆ: ‘ಸಂತ್ರಸ್ತೆ ಬುದ್ಧಿಮಾಂದ್ಯೆಯಾಗಿರುವುದರಿಂದ ಹೇಳಿಕೆ ಪಡೆಯಲು ಸಾಧ್ಯವಾಗಿಲ್ಲ.’ ಪೊಲೀಸರು ಹೇಳಿದ್ದನ್ನು ವರದಿಗಾರರು ಹಾಗೇ ಬರೆದುಕೊಳ್ಳುತ್ತಾರೆ. ದಯವಿಟ್ಟು ಇದನ್ನು ಪ್ರಶ್ನಿಸದೆ ಪ್ರಕಟಿಸಬೇಡಿ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ ಅಂಗವೈಕಲ್ಯ ಇರುವ ಮಹಿಳೆ ಇಂಥ ದೂರು ಕೊಡುವಾಗ ಆಕೆಯ ಮನೆಯಲ್ಲೋ ಆಕೆಗೆ ಅನುಕೂಲವಾದ ಜಾಗದಲ್ಲೋ, ವಿಶೇಷ ಶಿಕ್ಷಕರು ಅಥವಾ ದುಭಾಷಿಯ ಎದುರಿನಲ್ಲಿ ದೂರು ದಾಖಲಿಸಿಕೊಳ್ಳಬೇಕು, ವಿಡಿಯೊ ಮಾಡಬೇಕು. 183ನೇ ಕಲಂ ಪ್ರಕಾರ ಮ್ಯಾಜಿಸ್ಟ್ರೇಟರು ಹೇಳಿಕೆ ಪಡೆಯುವಾಗಲೂ ಇದೇ ನೆರವು ಇರಬೇಕು. ಹಾಗೆ ಪಡೆದ ಹೇಳಿಕೆಯನ್ನೇ ವಿಚಾರಣೆಯಲ್ಲಿ ಮುಖ್ಯ ವಿಚಾರಣೆಯ ಹೇಳಿಕೆಯಾಗಿ ಪರಿಗಣಿಸಬಹುದು, ಆಕೆ ಮೊದಲಿನಿಂದ ಎಲ್ಲವನ್ನೂ ಮತ್ತೆ ಹೇಳಬೇಕಾಗಿಲ್ಲ. ಭಾರತೀಯ ಸಾಕ್ಷ್ಯ ಅಧಿನಿಯಮದ 124ನೇ ಕಲಂ ಪ್ರಶ್ನೆ ಅರ್ಥವಾಗಿ ಉತ್ತರಿಸಬಲ್ಲ ಪ್ರತಿಯೊಬ್ಬರನ್ನೂ ಸಾಕ್ಷಿಯಾಗಲು ಅರ್ಹರೆಂದೇ ಎಣಿಸುತ್ತದೆ. ಹೇಳಿಕೆ ಪಡೆಯಲು ಸಾಧ್ಯವಾಗಿಲ್ಲ ಎಂದರೆ ಬಹುಪಾಲು ಸಂದರ್ಭಗಳಲ್ಲಿ ವಿಶೇಷ ಶಿಕ್ಷಕರನ್ನು ಕರೆಸಿಲ್ಲ ಎಂದೇ ಅರ್ಥ. ‘ವಿಶೇಷ ಶಿಕ್ಷಕರನ್ನು ಕರೆಸಿದ್ದೀರಾ?’ ಎಂಬ ಒಂದು ಪ್ರಶ್ನೆಯನ್ನು ವರದಿಗಾರರು ಕೇಳಿದರೆ ತನಿಖೆಯ ದಾರಿಯೇ ಬದಲಾದೀತು. ಮಾತು ನೋಯಿಸುತ್ತದೆ ಎಂಬಷ್ಟಕ್ಕೆ ನಾವು ಈ ಪತ್ರ ಬರೆಯುತ್ತಿಲ್ಲ. ‘ಏನೂ ಗೊತ್ತಾಗುವುದಿಲ್ಲ’ ಎಂದು ಮಾತಿನಲ್ಲಿ ಒಮ್ಮೆ ಒಪ್ಪಿಕೊಂಡ ಮೇಲೆ ಠಾಣೆಯಲ್ಲಿ, ಆಸ್ಪತ್ರೆಯಲ್ಲಿ, ಬ್ಯಾಂಕಿನಲ್ಲಿ, ಮತಗಟ್ಟೆಯಲ್ಲಿ ಅವರನ್ನು ಕೇಳಬೇಕಾದ್ದನ್ನು ಕೇಳುವುದೇ ನಿಂತುಹೋಗುತ್ತದೆ.

ಬೈಗುಳಕ್ಕಿಂತ ಹೆಚ್ಚು ಇರಿಯುವ ಒಂದು ಸಣ್ಣ ಪದ ಕನ್ನಡದಲ್ಲಿದೆ: ‘ಅದು’. ‘ಅದಕ್ಕೇನು ತಿಳೀತದೆ ಪಾಪ’, ‘ಅದನ್ನ ಯಾಕೆ ಮದುವೆಗೆ ಕರ್ಕೊಂಡು ಬಂದ್ರಿ’, ‘ಅದು ಊಟ ಮಾಡ್ತಾ?’ ಇಪ್ಪತ್ತೈದು ವರ್ಷದ ಗಂಡಸಿನ ಎದುರಿಗೇ, ಅವರ ತಾಯಿಯ ಹತ್ತಿರ ಆಡುವ ಮಾತುಗಳಿವು. ಎಳೆಗೂಸನ್ನು ನಾವು ‘ಅದು’ ಎನ್ನುತ್ತೇವೆ, ಅದರಲ್ಲಿ ಮುದ್ದಿದೆ. ಮೀಸೆ ಬಂದ ಮನುಷ್ಯನನ್ನು ‘ಅದು’ ಎನ್ನುವಾಗ ಮುದ್ದೂ ಇರುವುದಿಲ್ಲ, ಎದುರಿಗಿರುವವರು ಮನುಷ್ಯರೆಂಬ ನೆನಪೂ ಇರುವುದಿಲ್ಲ. ಪತ್ರಿಕೆಗಳು ‘ಅದು’ ಎಂದು ಬರೆಯುವುದಿಲ್ಲ ನಿಜ, ಆದರೆ ಒಂದು ಮೆಟ್ಟಿಲು ಇಳಿಸುತ್ತವೆ. ಅದೇ ಸುದ್ದಿಯಲ್ಲಿ ಶಿಬಿರ ಉದ್ಘಾಟಿಸಿದವರು ‘ಹೇಳಿದರು’, ಸಂಸ್ಥೆಯ ಕಾರ್ಯದರ್ಶಿ ‘ಸ್ವಾಗತಿಸಿದರು’, ಬಹುಮಾನ ಪಡೆದ ಮೂವತ್ತರ ವಯಸ್ಸಿನ ವ್ಯಕ್ತಿ ಮಾತ್ರ ‘ಸಂತಸಗೊಂಡ’. ಫೋಟೊದಲ್ಲಿ ಅತಿಥಿಗಳ ಹೆಸರು ಎಡದಿಂದ ಬಲಕ್ಕೆ ಇರುತ್ತವೆ, ಮಧ್ಯೆ ನಿಂತವರು ‘ವಿಶೇಷ ಮಕ್ಕಳು’. ವಯಸ್ಕರಿಗೆ ಬಹುವಚನ, ಹೆಸರು ಹಾಕಲು ಅವರೂ ಮನೆಯವರೂ ಒಪ್ಪಿದ್ದರೆ ಹೆಸರು, ಹದಿನೆಂಟು ದಾಟಿದವರಿಗೆ ‘ಮಕ್ಕಳು’ ಎಂಬ ಪದ ಬೇಡ. ಇಷ್ಟನ್ನು ಶೈಲಿ ಕೈಪಿಡಿಯಲ್ಲಿ ಸೇರಿಸಲು ಸಂಪಾದಕೀಯ ಸಭೆಯ ಐದು ನಿಮಿಷ ಸಾಕು.

‘ವಯಸ್ಸು 30, ಬುದ್ಧಿ 5 ವರ್ಷದ್ದು’ ಎಂಬ ವಾಕ್ಯ ಕೂಡ ಇದೇ ಜಾತಿಯದು. ಮಾನಸಿಕ ವಯಸ್ಸು ಎಂಬುದು ಪರೀಕ್ಷೆಯೊಂದರ ಅಂಕವನ್ನು ಹೇಳುವ ಒಂದು ರೀತಿ. ಐದು ವರ್ಷದ ಮಕ್ಕಳು ಸರಾಸರಿ ಪಡೆಯುವಷ್ಟು ಅಂಕ ಈ ವ್ಯಕ್ತಿಗೆ ಬಂತು ಎಂಬಷ್ಟೇ ಅದರ ಅರ್ಥ. ಮೂವತ್ತು ವರ್ಷ ಬದುಕಿದವರಿಗೆ ಮೂವತ್ತು ವರ್ಷದ ಅನುಭವ, ವಯಸ್ಕರ ದೇಹ, ವಯಸ್ಕರ ಇಷ್ಟಾನಿಷ್ಟ, ನಾಚಿಕೆ, ಸಿಟ್ಟು, ಪ್ರೀತಿ ಎಲ್ಲ ಇರುತ್ತವೆ. ಓದು ಬರಹ ಒಂದನೇ ತರಗತಿಯ ಮಟ್ಟದಲ್ಲಿದ್ದು, ಬಸ್ಸಿನಲ್ಲಿ ಒಬ್ಬರೇ ಓಡಾಡುವವರು, ಮನೆಯ ಅಡುಗೆ ನೋಡಿಕೊಳ್ಳುವವರು ಇದ್ದಾರೆ. ಐದು ವರ್ಷದ ಮಗುವಿನ ಬುದ್ಧಿ ಎಂದು ಪತ್ರಿಕೆಯಲ್ಲಿ ಓದಿದವರು ಅವರ ಜೊತೆ ತೊದಲು ನುಡಿಯಲ್ಲಿ ಮಾತಾಡುತ್ತಾರೆ, ಕೆನ್ನೆ ಹಿಂಡುತ್ತಾರೆ, ಅವರ ಮುಂದೆಯೇ ಬಟ್ಟೆ ಬದಲಿಸುತ್ತಾರೆ. ಮತದಾನದ ಹಕ್ಕಿನ ವಿಷಯದಲ್ಲೂ ಇದೇ ತಪ್ಪು ಕಲ್ಪನೆ ಇದೆ. 1950ರ ಪ್ರಜಾಪ್ರತಿನಿಧಿ ಕಾಯ್ದೆಯ 16ನೇ ಕಲಂ ಪ್ರಕಾರ ಸ್ವಸ್ಥಚಿತ್ತರಲ್ಲ ಎಂದು ಸಕ್ಷಮ ನ್ಯಾಯಾಲಯವೇ ಘೋಷಿಸಿದ್ದರೆ ಮಾತ್ರ ಪಟ್ಟಿಯಿಂದ ಹೆಸರು ಹೊರಗುಳಿಯುತ್ತದೆ. ಅಂಗವೈಕಲ್ಯದ ಪ್ರಮಾಣಪತ್ರ ಇದೆ ಎಂಬ ಕಾರಣಕ್ಕೆ ಯಾರ ಮತವೂ ಹೋಗುವುದಿಲ್ಲ.

ಪ್ರಮಾಣಪತ್ರದ ಶೇಕಡಾವಾರು ಲೆಕ್ಕವನ್ನೂ ವರದಿಗಳು ತಪ್ಪಾಗಿ ಓದುತ್ತವೆ. ‘ಶೇ 75ರಷ್ಟು ಬುದ್ಧಿಮಾಂದ್ಯ’ ಎಂದು ಬರೆದರೆ ಓದುಗರಿಗೆ ಮಿದುಳಿನ ಮುಕ್ಕಾಲು ಭಾಗ ಕೆಲಸ ಮಾಡುತ್ತಿಲ್ಲ ಎಂದೇ ಅನ್ನಿಸುತ್ತದೆ. ಹಾಗಲ್ಲ. 2018ರ ಕೇಂದ್ರ ಮಾರ್ಗಸೂಚಿ ಸಾಮಾಜಿಕ ಪ್ರೌಢತೆಯ, ಅಂದರೆ ದಿನನಿತ್ಯದ ಕೆಲಸ, ಒಡನಾಟವನ್ನು ತಾವಾಗಿ ನಿಭಾಯಿಸುವ ಶಕ್ತಿಯ, ಮಾಪನದ ಅಂಕ ನೋಡಿ ವರ್ಗ ನಿಗದಿ ಮಾಡಿತು. 55ರಿಂದ 69 ಬಂದರೆ ಲಘು, 36ರಿಂದ 54 ಮಧ್ಯಮ, 21ರಿಂದ 35 ತೀವ್ರ, 20 ಅಥವಾ ಕಡಿಮೆ ಅತಿ ತೀವ್ರ. ಲಘು ಎಂದರೆ ಶೇ 50, ಮಧ್ಯಮ ಎಂದರೆ ಶೇ 75, ತೀವ್ರಕ್ಕೆ ಶೇ 90, ಅತಿ ತೀವ್ರಕ್ಕೆ ಶೇ 100 ಎಂದು ಸೌಲಭ್ಯಗಳ ಲೆಕ್ಕಕ್ಕಾಗಿ ಕೂರಿಸಿದ ಅಂಕಿಗಳು ಇವು. ಶೇ 100 ಎಂದು ಪತ್ರದಲ್ಲಿರುವವರೂ ಅಮ್ಮನ ದನಿ ಗುರುತಿಸುತ್ತಾರೆ, ಬೇಡದ್ದನ್ನು ಮುಖ ತಿರುಗಿಸಿ ಬೇಡವೆನ್ನುತ್ತಾರೆ. ಸುದ್ದಿಯಲ್ಲಿ ಶೇಕಡಾವಾರು ಅಂಕಿ ಬೇಕಾಗುವುದು ಪಿಂಚಣಿ, ಮೀಸಲಾತಿ, ಪ್ರಮಾಣಪತ್ರದ ವಿಷಯ ಬಂದಾಗ ಮಾತ್ರ. ಉಳಿದೆಡೆ ಕೈಬಿಡಿ.

ಇನ್ನು ‘ಮಾನಸಿಕ ಅಸ್ವಸ್ಥ’. ಒಂದೇ ಸುದ್ದಿಯ ಮೊದಲ ಪ್ಯಾರಾದಲ್ಲಿ ಬುದ್ಧಿಮಾಂದ್ಯ, ಮೂರನೆಯದರಲ್ಲಿ ಮಾನಸಿಕ ಅಸ್ವಸ್ಥ, ಕೊನೆಯಲ್ಲಿ ಮತಿಹೀನ ಎಂದು ಪರ್ಯಾಯ ಪದಗಳ ಹಾಗೆ ಬಳಸುತ್ತಾರೆ. ಇವು ಬೇರೆ ಬೇರೆ. ಬೌದ್ಧಿಕ ಅಂಗವೈಕಲ್ಯ ಬೆಳವಣಿಗೆಯ ವಯಸ್ಸಿನಲ್ಲೇ ಕಾಣಿಸಿಕೊಳ್ಳುತ್ತದೆ, ಜೀವನಪೂರ್ತಿ ಇರುತ್ತದೆ. ಅದನ್ನು ಹೋಗಲಾಡಿಸುವ ಮಾತ್ರೆ ಇಲ್ಲ, ತರಬೇತಿಯಿಂದ ಕೌಶಲ ಬೆಳೆಯುತ್ತದೆ. ಮಾನಸಿಕ ಕಾಯಿಲೆ ಯಾವ ವಯಸ್ಸಿನಲ್ಲೂ, ಯಾರಿಗೂ ಬರಬಹುದು, ಬಹುಪಾಲು ಔಷಧಕ್ಕೆ ಬಗ್ಗುತ್ತದೆ, ಅನೇಕರಲ್ಲಿ ಗುಣವೂ ಆಗುತ್ತದೆ. ಒಬ್ಬರಿಗೇ ಎರಡೂ ಇರಬಹುದು. 2011ರ ಜನಗಣತಿ ಇವೆರಡನ್ನೂ ಬೇರೆಯಾಗಿಯೇ ಎಣಿಸಿತು: ಮೊದಲನೆಯದರಲ್ಲಿ ಸುಮಾರು 15 ಲಕ್ಷ, ಎರಡನೆಯದರಲ್ಲಿ ಸುಮಾರು 7.2 ಲಕ್ಷ ಜನ. ಬೆರೆಸಿ ಬರೆದರೆ ಇಬ್ಬರಿಗೂ ಕೇಡು. ಬೌದ್ಧಿಕ ಅಂಗವೈಕಲ್ಯ ಇರುವ ಹುಡುಗ ಹಟ ಹಿಡಿದರೆ ಹುಚ್ಚು ಕೆರಳಿದೆ ಎಂದುಕೊಂಡು ನಿದ್ದೆ ಬರಿಸುವ ಔಷಧ ಕೊಡಿಸುವವರು, ಮಂತ್ರವಾದಿಯ ಹತ್ತಿರ ಕರೆದೊಯ್ಯುವವರು ಇದ್ದಾರೆ. ಆ ಹಟದ ಹಿಂದೆ ಹಲ್ಲುನೋವೋ ಕಿವಿನೋವೋ ಮಲಬದ್ಧತೆಯೋ ಇರಬಹುದು, ಹೇಳಲು ಅವನಿಗೆ ಮಾತಿಲ್ಲದಿರಬಹುದು. ಸೆರೆಬ್ರಲ್ ಪಾಲ್ಸಿ (ಮಿದುಳಿಗಾದ ತೊಂದರೆಯಿಂದ ಕೈಕಾಲು, ಸ್ನಾಯುಗಳ ಹಿಡಿತ ಕಷ್ಟವಾಗುವ ಸ್ಥಿತಿ) ಇರುವವರದು ಇನ್ನೂ ಬೇರೆ ಕತೆ. ಅವರಲ್ಲಿ ಅನೇಕರಿಗೆ ಬೌದ್ಧಿಕ ಅಂಗವೈಕಲ್ಯ ಇಲ್ಲವೇ ಇಲ್ಲ, ಮಾತು ತೊದಲುವುದನ್ನು ನೋಡಿ ನಾವೇ ಹಾಗೆಂದುಕೊಳ್ಳುತ್ತೇವೆ. ಖಚಿತವಿಲ್ಲದಿದ್ದರೆ ‘ಅಂಗವೈಕಲ್ಯ ಇರುವ’ ಎಂದಷ್ಟೇ ಬರೆಯಿರಿ, ಮನೆಯವರನ್ನೋ ವೈದ್ಯರನ್ನೋ ಕೇಳಿ ಮರುದಿನ ಸರಿಯಾದ ಹೆಸರು ಕೊಡಿ. ಕಾರಣದ ಬಗ್ಗೆ ಬರೆಯುವಾಗಲೂ ಇದೇ ಎಚ್ಚರ ಇರಲಿ. 21ನೇ ವರ್ಣತಂತುವಿನ ಒಂದು ಪ್ರತಿ ಹೆಚ್ಚಾಗಿ ಇರುವುದು (ಡೌನ್ ಸಿಂಡ್ರೋಮ್), ಹೆರಿಗೆಯಲ್ಲಿ ಮಗುವಿಗೆ ಆಮ್ಲಜನಕ ಸಾಲದಿರುವುದು, ಹುಟ್ಟಿನಿಂದ ಇದ್ದ ಥೈರಾಯ್ಡ್ ಕೊರತೆಗೆ ಸಮಯಕ್ಕೆ ಚಿಕಿತ್ಸೆ ಸಿಗದಿರುವುದು, ಮಿದುಳು ಜ್ವರ, ಹೀಗೆ ಗೊತ್ತಿರುವ ಕಾರಣಗಳು ಹಲವು. ಶಾಪ, ಗ್ರಹಣ, ತಾಯಿ ಮಾಡಿದ ಕರ್ಮ ಎಂಬ ಮಾತನ್ನು ಹಳ್ಳಿಯವರ ಅಭಿಪ್ರಾಯ ಎಂಬ ನೆಪದಲ್ಲೂ ಅಚ್ಚು ಹಾಕಬೇಡಿ. ಆ ಒಂದು ಸಾಲು ಎಷ್ಟೋ ತಾಯಂದಿರನ್ನು ಗಂಡನ ಮನೆಯಿಂದ ಹೊರಗೆ ಹಾಕಿಸುತ್ತದೆ.

ರಾಜಕಾರಣಿಗಳ ಬೈಗುಳಕ್ಕೆ ಬರೋಣ. ‘ಅವರಿಗೆ ಬುದ್ಧಿಮಾಂದ್ಯ’, ‘ಮೆಂಟಲ್ ಗಿರಾಕಿ’, ‘ನಿಮ್ಹಾನ್ಸ್‌ಗೆ ಸೇರಿಸಬೇಕು’. ಇವು ದಪ್ಪ ಅಕ್ಷರದಲ್ಲಿ, ಉದ್ಧರಣ ಚಿಹ್ನೆಯೊಳಗೆ ಮುಖಪುಟಕ್ಕೆ ಬರುತ್ತವೆ. ಹೇಳಿದವರು ನಾವಲ್ಲ, ವರದಿ ಮಾಡಿದೆವಷ್ಟೇ ಎಂಬುದು ಡೆಸ್ಕ್‌ನ ಉತ್ತರ. ಆದರೆ ಜಾತಿ ಹೆಸರು ಹಿಡಿದು ಬೈದ ಸುದ್ದಿ ಬಂದಾಗ ನೀವು ‘ಜಾತಿ ನಿಂದನೆ’ ಎಂದಷ್ಟೇ ಬರೆಯುತ್ತೀರಿ, ಬೈದ ಪದವನ್ನು ಶೀರ್ಷಿಕೆಗೆ ತರುವುದಿಲ್ಲ. ಆ ವಿವೇಕ ನಿಮ್ಮಲ್ಲಿ ಈಗಾಗಲೇ ಇದೆ. ಅದನ್ನೇ ಇಲ್ಲಿಗೂ ವಿಸ್ತರಿಸಿ ಎಂಬುದು ನಮ್ಮ ಕೋರಿಕೆ. ‘ಅಂಗವೈಕಲ್ಯವನ್ನು ಬೈಗುಳವಾಗಿ ಬಳಸಿದ ಸಚಿವ’ ಎಂಬ ಶೀರ್ಷಿಕೆ ಕೊಟ್ಟು ನೋಡಿ, ಎರಡನೇ ಸಲ ಆ ಮಾತಾಡುವಾಗ ಅವರು ಯೋಚಿಸುತ್ತಾರೆ. ಈ ಒತ್ತಾಯವನ್ನು ಕಾನೂನಿನ ಮುಂದಿಡದೆ ನಿಮ್ಮ ಮುಂದಿಡಲು ಕಾರಣವಿದೆ. ಇಂಥ ಬೈಗುಳ ಅಂಗವೈಕಲ್ಯ ಇಲ್ಲದ ಇನ್ನೊಬ್ಬ ರಾಜಕಾರಣಿಯ ಮೇಲೆ ಹೋಗುವುದರಿಂದ ಕಾನೂನಿನ ಕೈಗೆ ಸಿಗುವುದಿಲ್ಲ. ಪೆಟ್ಟು ಬೀಳುವುದು ಮಾತ್ರ ಹೆಸರಿಸದ ಲಕ್ಷಾಂತರ ಜನರ ಮೇಲೆ.

ಒಬ್ಬ ನಿರ್ದಿಷ್ಟ ವ್ಯಕ್ತಿಯನ್ನೇ ಗುರಿಯಾಗಿಸಿ ಅವಮಾನಿಸಿದರೆ ಕಾನೂನು ಸ್ಪಷ್ಟವಾಗಿದೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. ಅದರ 92(ಎ) ಕಲಂ ಪ್ರಕಾರ ಸಾರ್ವಜನಿಕರ ಕಣ್ಣಿಗೆ ಬೀಳುವ ಜಾಗದಲ್ಲಿ ಅಂಗವೈಕಲ್ಯ ಇರುವವರನ್ನು ಹೀಯಾಳಿಸಬೇಕೆಂದೇ ಅವಮಾನಿಸಿದರೆ, ಬೆದರಿಸಿದರೆ ಕನಿಷ್ಠ 6 ತಿಂಗಳು, ಗರಿಷ್ಠ 5 ವರ್ಷ ಸಜೆ ಮತ್ತು ದಂಡ. ಈ ದೂರುಗಳು ಠಾಣೆಯ ಮೆಟ್ಟಿಲಲ್ಲೇ ಬಿದ್ದುಹೋಗಲು ಒಂದು ಸಣ್ಣ ಕಾರಣವಿದೆ, ಅದನ್ನು ಓದುಗರಿಗಾಗಿ ವಿವರವಾಗಿ ಬರೆಯುತ್ತೇವೆ. ದೂರು ಬರೆದುಕೊಳ್ಳುವವರು ರೂಢಿಯಂತೆ ‘ಅವಾಚ್ಯ ಶಬ್ದಗಳಿಂದ ನಿಂದಿಸಿ’ ಎಂದು ಬರೆದುಬಿಡುತ್ತಾರೆ. ಆ ಮೂರು ಪದಗಳಲ್ಲಿ ಪ್ರಕರಣದ ತಿರುಳೇ ಕಳೆದುಹೋಗುತ್ತದೆ, ಏಕೆಂದರೆ ಅಂಗವೈಕಲ್ಯವನ್ನೇ ಹಿಡಿದು ಹೀಯಾಳಿಸಿದರು ಎಂಬುದು ಆ ವಾಕ್ಯದಿಂದ ಗೊತ್ತಾಗುವುದಿಲ್ಲ. ಬೈದ ಮಾತನ್ನು ಇದ್ದದ್ದು ಇದ್ದ ಹಾಗೆ, ಅದೇ ಕ್ರಮದಲ್ಲಿ ಬರೆಸಿ. ಬರೆಯಲು ನಾಚಿಕೆಯಾದರೂ ಬರೆಸಿ. ಎಲ್ಲಿ, ಎಷ್ಟು ಹೊತ್ತಿಗೆ, ಯಾರು ಯಾರು ಕೇಳಿಸಿಕೊಂಡರು, ಹಿಂದೆಯೂ ಹೀಗೆ ಆಗಿತ್ತೇ ಎಂಬುದೂ ಇರಲಿ. ಮನೆಯ ಒಳಗೆ ಆಡಿದ ಮಾತಿಗೆ ಈ ಕಲಂ ಹತ್ತುವುದು ಕಷ್ಟ, ಜಗಲಿಯಲ್ಲೋ ಬೀದಿಯಲ್ಲೋ ಬಸ್ಸಿನಲ್ಲೋ ನಡೆದದ್ದಾದರೆ ಆ ಜಾಗವನ್ನು ಬಿಡಿಸಿ ಹೇಳಬೇಕು. ಅಂಗವೈಕಲ್ಯ ಪ್ರಮಾಣಪತ್ರದ ಪ್ರತಿ ಲಗತ್ತಿಸಿ. ವಿಡಿಯೊ ಇದ್ದರೆ ವಾಟ್ಸ್‌ಆ್ಯಪ್‌ನಲ್ಲಿ ಬಂದದ್ದನ್ನು ಕೊಟ್ಟು ಸುಮ್ಮನಾಗದೆ, ಚಿತ್ರೀಕರಿಸಿದ ಮೊಬೈಲ್‌ನಲ್ಲಿ ಮೂಲ ಕಡತ ಅಳಿಸದಂತೆ ನೋಡಿಕೊಳ್ಳಿ. ನ್ಯಾಯಾಲಯದಲ್ಲಿ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ದೃಢೀಕರಣ ಕೊಡಬೇಕಾಗುತ್ತದೆ. 5 ವರ್ಷದವರೆಗೆ ಸಜೆ ಇರುವ, ಆದ್ದರಿಂದ ಪೊಲೀಸರೇ ನೇರವಾಗಿ ದಾಖಲಿಸಿಕೊಳ್ಳಬೇಕಾದ ಅಪರಾಧವಾದ್ದರಿಂದ ‘ಕೋರ್ಟಿನ ಅನುಮತಿ ತನ್ನಿ’ ಎಂದು ಠಾಣೆಯಲ್ಲಿ ವಾಪಸ್ ಕಳಿಸುವಂತಿಲ್ಲ.

ಹಾಗೆಂದು ಸಿಕ್ಕಸಿಕ್ಕವರ ಮೇಲೆ ಈ ಕಲಂ ಹಾಕಿಸಿ ಎಂದು ನಾವು ಹೇಳುತ್ತಿಲ್ಲ. ಎಂಟನೇ ತರಗತಿಯ ಹುಡುಗ ಸಹಪಾಠಿಯನ್ನು ‘ಲೂಸು’ ಎಂದರೆ ಅವನಿಗೆ ಬೇಕಾದ್ದು ಮೇಷ್ಟ್ರ ಬುದ್ಧಿಮಾತು. ಆ ಮಾತು ಮೇಷ್ಟ್ರ ಬಾಯಲ್ಲೇ ಬಂದರೆ ವಿಷಯ ಬೇರೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಮಗುವಿಗೆ ಮಾನಸಿಕ ಹಿಂಸೆ ಕೊಡುವುದನ್ನೂ ನಿಷೇಧಿಸುತ್ತದೆ, ಶಿಸ್ತುಕ್ರಮಕ್ಕೆ ದಾರಿ ಮಾಡಿಕೊಡುತ್ತದೆ. ಅಡ್ಡಹೆಸರು ಶಾಲೆಯಲ್ಲಿ ಹೇಗೆ ಬೇರೂರುತ್ತದೆ ಎಂಬುದನ್ನು ಶಿಕ್ಷಕರು ಗಮನಿಸಬೇಕು. ಇಂಥ ಮಕ್ಕಳಲ್ಲಿ ಹೆಚ್ಚಿನವರಿಗೆ ವ್ಯಂಗ್ಯ ತಕ್ಷಣ ತಿಳಿಯುವುದಿಲ್ಲ, ಸುತ್ತಲಿನವರು ನಕ್ಕರೆ ತಾವೂ ನಗುತ್ತಾರೆ. ‘ನೋಡಿ ಸರ್, ಅವನಿಗೇ ಬೇಜಾರಿಲ್ಲ’ ಎಂದು ಉಳಿದವರು ಹೇಳುವುದು ಆ ನಗುವನ್ನು ನೋಡಿ. ಕ್ರಮೇಣ ಆ ಹೆಸರಿಗೇ ಓಗೊಡಲು ಕಲಿಯುತ್ತಾರೆ, ಸ್ವಂತ ಹೆಸರು ಕೇಳಿದರೆ ಅದೇ ಹೇಳುತ್ತಾರೆ. ಬೇಸರ ಬೇರೆ ದಾರಿಯಲ್ಲಿ ಹೊರಬರುತ್ತದೆ: ಬೆಳಿಗ್ಗೆ ಹೊಟ್ಟೆನೋವು, ಸಮವಸ್ತ್ರ ಹಾಕಿಕೊಳ್ಳುವುದಿಲ್ಲವೆಂಬ ಹಟ, ಬಿಟ್ಟಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮರಳುವುದು. ಇಂಥದ್ದು ಕಂಡರೆ ತರಗತಿಯಲ್ಲಿ ಯಾವ ಹೆಸರು ಓಡುತ್ತಿದೆ ಎಂದು ಮೊದಲು ವಿಚಾರಿಸಬೇಕು. ‘ಹಾಗೆ ಕರೀಬೇಡ, ನನ್ನ ಹೆಸರು ಇದು’ ಎಂಬ ಒಂದೇ ವಾಕ್ಯವನ್ನು ಮಗುವಿಗೆ ಮನೆಯಲ್ಲಿ ಅಭಿನಯಿಸಿ ಅಭ್ಯಾಸ ಮಾಡಿಸಬಹುದು. ಮಾತು ಬಾರದ ಮಗುವಿಗೆ ಕೈ ಅಡ್ಡ ಹಿಡಿದು ಹೆಸರಿನ ಕಾರ್ಡ್ ತೋರಿಸುವುದನ್ನು ಕಲಿಸಬಹುದು. ಪಕ್ಕದ ಬೆಂಚಿನ ಒಬ್ಬಿಬ್ಬರು ಆ ಹೆಸರಿಗೆ ನಗುವುದನ್ನು ನಿಲ್ಲಿಸಿದರೆ ಅದು ಬೇಗ ಸಾಯುತ್ತದೆ.

ಮನರಂಜನಾ ವಾಹಿನಿಗಳ ಹಾಸ್ಯ ಕಾರ್ಯಕ್ರಮಗಳಲ್ಲಿ ಒಂದು ಸಿದ್ಧ ವೇಷವಿದೆ. ಅಂಗಿಯ ಗುಂಡಿ ಒಂದು ಮನೆ ತಪ್ಪಿಸಿ ಹಾಕಿರುತ್ತದೆ, ತಲೆಗೆ ಎಣ್ಣೆ ಹಚ್ಚಿ ನೆತ್ತಿಗೆ ಅಂಟಿಸಿರುತ್ತಾರೆ, ನಾಲಿಗೆ ತುಸು ಹೊರಗೆ, ಕತ್ತು ಓರೆ, ‘ಅಮ್ಮಾ’ ಎಂದು ಎಳೆದ ದನಿ. ಆ ಪಾತ್ರ ಬಾಯಿ ಬಿಡುವ ಮೊದಲೇ ನಗೆಯ ಸದ್ದು ಹಾಕುತ್ತಾರೆ. ಡೌನ್ ಸಿಂಡ್ರೋಮ್ ಇರುವವರಲ್ಲಿ ಅನೇಕರ ನಾಲಿಗೆ ಹೊರಗೆ ಕಾಣುವುದು ಸ್ನಾಯುಗಳ ಬಿಗಿ ಕಡಿಮೆ ಇರುವುದರಿಂದ, ಬಾಯಿಯ ಒಳಜಾಗ ಚಿಕ್ಕದಾಗಿರುವುದರಿಂದ. ಗುಂಡಿ ಸರಿಯಾಗಿ ಹಾಕಲು ಕಲಿಯುವುದಕ್ಕೆ ತಿಂಗಳುಗಟ್ಟಲೆ ಅಭ್ಯಾಸ ಬೇಕು: ಮೊದಲು ದೊಡ್ಡ ಗುಂಡಿ, ಸಡಿಲ ಕಾಜಾ, ಕೆಳಗಿನಿಂದ ಶುರುಮಾಡಿ ಮೇಲಕ್ಕೆ. ಹೀಗೆ ಕಷ್ಟಪಟ್ಟು ಕಲಿತದ್ದನ್ನು ಟಿ.ವಿಯಲ್ಲಿ ಗೇಲಿ ಮಾಡುವುದನ್ನು ಅದೇ ಹುಡುಗ ಕೂತು ನೋಡುತ್ತಾನೆ. ಚಲನಚಿತ್ರ ಪ್ರಮಾಣೀಕರಣದ 1991ರ ಮಾರ್ಗಸೂಚಿಯಲ್ಲೇ ದೈಹಿಕ, ಮಾನಸಿಕ ಅಂಗವೈಕಲ್ಯ ಇರುವವರನ್ನು ನಿಂದಿಸುವ, ಗೇಲಿ ಮಾಡುವ ದೃಶ್ಯ ಅನಗತ್ಯವಾಗಿ ಇರಬಾರದು ಎಂದಿದೆ. 2024ರ ಜುಲೈ 8ರಂದು ಆಗಿನ ಮುಖ್ಯ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ನೇತೃತ್ವದ ಸುಪ್ರೀಂ ಕೋರ್ಟ್ ಪೀಠ ದೃಶ್ಯ ಮಾಧ್ಯಮಗಳಿಗಾಗಿ ಇನ್ನೂ ವಿಸ್ತಾರವಾಗಿ ಹೇಳಿತು. ಅಂಗವೈಕಲ್ಯವನ್ನು ಅರ್ಥಮಾಡಿಸುವ ಹಾಸ್ಯ ಬೇರೆ, ಅಂಗವೈಕಲ್ಯ ಇರುವವರನ್ನು ಕೀಳಾಗಿಸುವ ಹಾಸ್ಯ ಬೇರೆ ಎಂದು ಗೆರೆ ಎಳೆಯಿತು. ‘ನರಳುತ್ತಿರುವ’, ‘ಬಲಿಪಶು’ ಎಂಬಂಥ ಪದಗಳನ್ನು ತಪ್ಪಿಸಬೇಕು, ಅವರ ಬಗ್ಗೆ ಏನೇ ಮಾಡುವುದಿದ್ದರೂ ಅವರನ್ನು ಒಳಗೊಂಡೇ ಮಾಡಬೇಕು ಎಂದಿತು. ಈ ತೀರ್ಪನ್ನು ಕನ್ನಡ ಪತ್ರಿಕೆಗಳೂ ವರದಿ ಮಾಡಿದವು. ‘ಬುದ್ಧಿಮಾಂದ್ಯತೆಯಿಂದ ಬಳಲುತ್ತಿರುವ’ ಎಂಬ ಪದಪುಂಜ ಮಾತ್ರ ಆಮೇಲೂ ನಿಂತಿಲ್ಲ.

ಅವರನ್ನು ಒಳಗೊಂಡು ಬರೆಯುವುದು ಹೇಗೆ ಎಂದು ವರದಿಗಾರರು ಕೇಳಬಹುದು. ಇದು ನಮಗೆ ಚೆನ್ನಾಗಿ ಗೊತ್ತಿರುವ ಕೆಲಸ. ಸಂದರ್ಶನಕ್ಕೆ ಹೋದಾಗ ಮೊದಲ ಮಾತು ಅವರ ಜೊತೆ ಆಡಿ, ಆಮೇಲೆ ತಂದೆ ತಾಯಿಯ ಜೊತೆ. ಗದ್ದಲದ ಜಾಗ ಬೇಡ, ಸುತ್ತ ಐದಾರು ಜನ ನಿಲ್ಲುವುದು ಬೇಡ. ಒಂದು ಸಲಕ್ಕೆ ಒಂದೇ ಪ್ರಶ್ನೆ, ಅದೂ ಚಿಕ್ಕದು. ಕೇಳಿದ ಮೇಲೆ ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ. ನಡುವೆ ಪ್ರಶ್ನೆಯನ್ನು ಬೇರೆ ಪದಗಳಲ್ಲಿ ಮತ್ತೆ ಕೇಳಿದರೆ ಅವರ ಪಾಲಿಗೆ ಅದು ಹೊಸ ಪ್ರಶ್ನೆ, ಹೊಂದಿಸಿಕೊಂಡ ಉತ್ತರ ಚದುರಿಹೋಗುತ್ತದೆ. ‘ಹೌದಾ?’ ಎಂದು ಕೊನೆಯಾಗುವ ಪ್ರಶ್ನೆಗಳನ್ನು ನಂಬಬೇಡಿ. ಎದುರಿನವರನ್ನು ಮೆಚ್ಚಿಸಲು ‘ಹೌದು’ ಎನ್ನುವ ರೂಢಿ ಅವರಲ್ಲಿ ಅನೇಕರಿಗೆ ಬಾಲ್ಯದಿಂದ ಅಂಟಿರುತ್ತದೆ. ‘ಇಲ್ಲಿ ಖುಷಿಯಾಗಿದ್ದೀರಾ?’ ಎಂದರೆ ಹೌದು, ‘ಇಲ್ಲಿ ಬೇಜಾರಾ?’ ಎಂದರೂ ಹೌದು. ಬದಲಿಗೆ ‘ಕಾರ್ಯಾಗಾರದಲ್ಲಿ ಇರೋದು ಇಷ್ಟವಾ, ಮನೆಯಲ್ಲಿ ಇರೋದು ಇಷ್ಟವಾ?’ ಎಂದು ಎರಡು ಆಯ್ಕೆ ಕೊಡಿ, ಸ್ವಲ್ಪ ಹೊತ್ತು ಬಿಟ್ಟು ಆಯ್ಕೆಗಳನ್ನು ಹಿಂದುಮುಂದು ಮಾಡಿ ಕೇಳಿ. ಎರಡೂ ಸಲ ಒಂದೇ ಉತ್ತರ ಬಂದರೆ ಅದು ಅವರ ಉತ್ತರ. ಕೊನೆಯಲ್ಲಿ ಹೇಳಿದ ಪದವನ್ನೇ ಮರುನುಡಿಯುವವರಿದ್ದರೆ ಫೋಟೊ ಅಥವಾ ವಸ್ತು ತೋರಿಸಿ ಕೇಳುವುದು ಮೇಲು. ‘ಯಾವಾಗ’, ‘ಎಷ್ಟು ದಿನದಿಂದ’ ಎಂಬವು ಕಷ್ಟದ ಪ್ರಶ್ನೆಗಳು. ‘ಹಬ್ಬಕ್ಕೆ ಮುಂಚೆಯಾ, ಆಮೇಲಾ?’ ಎಂದು ಯಾವುದಾದರೂ ಘಟನೆಗೆ ಕಟ್ಟಿ ಕೇಳಬೇಕು. ಅವರ ಮಾತನ್ನು ಅಚ್ಚಿಗೆ ಹಾಕುವಾಗ ವ್ಯಾಕರಣ ತಿದ್ದಿ ಉಪನ್ಯಾಸದ ಹಾಗೆ ಮಾಡಬೇಡಿ, ತೊದಲನ್ನು ಅಕ್ಷರದಲ್ಲಿ ಅನುಕರಿಸಲೂ ಬೇಡಿ. ಫೋಟೊ ತೆಗೆಯುವ ಮೊದಲು ಕ್ಯಾಮೆರಾ ತೋರಿಸಿ ಅವರನ್ನೇ ಕೇಳಿ, ತೆಗೆದದ್ದನ್ನು ಅವರಿಗೂ ತೋರಿಸಿ. ತಂದೆ ತಾಯಿ ಒಪ್ಪಿ ಅವರು ಮುಖ ತಿರುಗಿಸಿದರೆ ಆ ಫೋಟೊ ಬೇಡ.

ಹೊಗಳಿಕೆಯಲ್ಲೂ ಪೆಟ್ಟಿದೆ, ಅದನ್ನು ಒಂದೆರಡು ಮಾತಿನಲ್ಲಿ ಹೇಳಿಬಿಡುತ್ತೇವೆ. ‘ದೇವರ ಮಕ್ಕಳು’ ಎಂದವರು ದೇವರೇ ನೋಡಿಕೊಳ್ಳಲಿ ಎಂದು ಕೈತೊಳೆದುಕೊಳ್ಳುವುದನ್ನು ಕಂಡಿದ್ದೇವೆ. ‘ಬುದ್ಧಿಮಾಂದ್ಯತೆ ಮೆಟ್ಟಿ ನಿಂತ ಸಾಧಕ’ ಎನ್ನುವುದು ಸುಳ್ಳು, ಅಂಗವೈಕಲ್ಯ ಅವರ ಜೊತೆಗೇ ಇದೆ, ಅದರೊಂದಿಗೇ ಓಡಿ ಗೆದ್ದಿದ್ದಾರೆ. ಕ್ರೀಡಾಪುಟದವರು ಸ್ಪೆಷಲ್ ಒಲಿಂಪಿಕ್ಸ್ ಮತ್ತು ಪ್ಯಾರಾಲಿಂಪಿಕ್ಸ್ ಎರಡನ್ನೂ ಒಂದೇ ಎಂದು ಬರೆಯುವುದನ್ನು ನಿಲ್ಲಿಸಲಿ. 1968ರಲ್ಲಿ ಷಿಕಾಗೊದಲ್ಲಿ ಯೂನಿಸ್ ಕೆನಡಿ ಶ್ರೈವರ್ ಆರಂಭಿಸಿದ ಸ್ಪೆಷಲ್ ಒಲಿಂಪಿಕ್ಸ್ ಬೌದ್ಧಿಕ ಅಂಗವೈಕಲ್ಯ ಇರುವವರಿಗಾಗಿಯೇ ನಡೆಯುವ ಕ್ರೀಡಾಕೂಟ.

‘ಬುದ್ಧಿಮಾಂದ್ಯ ಎಂಬುದೂ ಒಂದು ಕಾಲದಲ್ಲಿ ಸಭ್ಯ ಪದವೇ ಆಗಿತ್ತಲ್ಲ, ನಾಳೆ ಬೌದ್ಧಿಕ ಅಂಗವೈಕಲ್ಯವೂ ಬೈಗುಳವಾಗುತ್ತದೆ, ಆಗೇನು ಮಾಡುತ್ತೀರಿ?’ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಹೌದು, ಪೋಷಕರೇ ಕಟ್ಟಿದ ಸಂಸ್ಥೆಗಳ ಬೋರ್ಡಿನ ಮೇಲೂ ಆ ಪದ ಇದೆ. ಈಡಿಯಟ್, ಇಂಬೆಸೈಲ್, ಮೋರಾನ್ ಎಂಬ ಇಂಗ್ಲಿಷ್ ಬೈಗುಳಗಳೂ ಒಂದು ಕಾಲದಲ್ಲಿ ವೈದ್ಯರ ವರ್ಗೀಕರಣದ ಪದಗಳೇ. ಡೌನ್ ಸಿಂಡ್ರೋಮ್‌ಗೆ ಇದ್ದ ‘ಮಂಗೋಲ್’ ಎಂಬ ಹೆಸರನ್ನು ಬಿಡಬೇಕೆಂದು 1961ರಲ್ಲಿ ವಿಜ್ಞಾನಿಗಳೇ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಗೆ ಪತ್ರ ಬರೆದರು, ಮಂಗೋಲಿಯಾದ ಕೋರಿಕೆಯ ಮೇರೆಗೆ 1965ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಕೈಬಿಟ್ಟಿತು. ಅಮೆರಿಕದಲ್ಲಿ ಒಂದು ಕುಟುಂಬದ ಹೋರಾಟದಿಂದ ಶುರುವಾಗಿ 2010ರಲ್ಲಿ ‘ರೋಸಾ ಕಾನೂನು’ ಬಂತು, ಅಲ್ಲಿನ ಹಲವು ಕೇಂದ್ರ ಕಾನೂನುಗಳಿಂದ ‘ರಿಟಾರ್ಡೇಶನ್’ ಎಂಬ ಪದ ತೆಗೆಯಲಾಯಿತು. ನಮ್ಮಲ್ಲಿ ಕೆಲಸ ಅರ್ಧಕ್ಕೆ ನಿಂತಿದೆ. 2016ರ ಕಾಯ್ದೆಯ 21 ಅಂಗವೈಕಲ್ಯಗಳ ಪಟ್ಟಿಯಲ್ಲಿ ಬೌದ್ಧಿಕ ಅಂಗವೈಕಲ್ಯ ಎಂದಿದ್ದರೂ, ಅದೇ ಕಾಯ್ದೆಯಲ್ಲಿ ಮಾನಸಿಕ ಕಾಯಿಲೆಯ ವ್ಯಾಖ್ಯಾನದೊಳಗೆ ಹಳೆಯ ಪದ ಉಳಿದುಕೊಂಡಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲೂ ಇದೆ, 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯ ಹೆಸರಿನಲ್ಲೇ ಇದೆ. ಸಿಕಂದರಾಬಾದ್‌ನ ರಾಷ್ಟ್ರೀಯ ಸಂಸ್ಥೆ ಮಾತ್ರ ತನ್ನ ಹೆಸರು ಬದಲಿಸಿಕೊಂಡು ಬೌದ್ಧಿಕ ಅಂಗವೈಕಲ್ಯ ಇರುವವರ ಸಬಲೀಕರಣ ಸಂಸ್ಥೆ ಆಯಿತು. ಹೊಸ ಪದವೂ ಒಂದು ದಿನ ಕೆಡಬಹುದು. ಕೆಟ್ಟರೆ ಅದನ್ನೂ ಬದಲಿಸೋಣ, ತಪ್ಪೇನು? ಗೆಳೆಯರು ಒಬ್ಬರನ್ನೊಬ್ಬರು ಪೆದ್ದ, ದಡ್ಡ ಎನ್ನುವುದನ್ನೆಲ್ಲ ಕಾಯುತ್ತ ಕೂರುವ ಉದ್ದೇಶ ನಮಗಿಲ್ಲ. ಒಬ್ಬರ ಪ್ರಮಾಣಪತ್ರದಲ್ಲಿರುವ ಪದ ಇನ್ನೊಬ್ಬರಿಗೆ ಬೈಗುಳವಾಗಬಾರದು ಎಂಬಲ್ಲಿ ಮಾತ್ರ ನಾವು ಬಗ್ಗುವುದಿಲ್ಲ.

ಮಾತು ಮೀರಿದ ವರದಿ ಕಂಡ ಓದುಗರು ಮೊದಲು ಸಂಪಾದಕರಿಗೇ ಬರೆಯಲಿ: ದಿನಾಂಕ, ಪುಟ, ಶೀರ್ಷಿಕೆ, ತಕರಾರಿನ ಪದ, ಅದರ ಬದಲಿಗೆ ಏನಿರಬೇಕಿತ್ತು ಎಂಬುದು. ಉತ್ತರ ಬಾರದಿದ್ದರೆ ಭಾರತೀಯ ಪತ್ರಿಕಾ ಮಂಡಳಿಗೆ ಹೋಗಬಹುದು. ದಿನಪತ್ರಿಕೆ, ವಾರಪತ್ರಿಕೆಗಳ ವಿಷಯದಲ್ಲಿ ಪ್ರಕಟವಾದ 2 ತಿಂಗಳೊಳಗೆ ದೂರು ತಲುಪಬೇಕು, ಸಂಪಾದಕರಿಗೆ ಬರೆದ ಪತ್ರದ ಪ್ರತಿ ಜೊತೆಗಿರಬೇಕು. ಮಂಡಳಿ ದಂಡ ಹಾಕುವುದಿಲ್ಲ, ಎಚ್ಚರಿಕೆ ಕೊಡಬಹುದು, ಖಂಡಿಸಬಹುದು. ಟಿ.ವಿ ಅದರ ವ್ಯಾಪ್ತಿಗೆ ಬರುವುದಿಲ್ಲ, ಆಯಾ ವಾಹಿನಿಯ ಕುಂದುಕೊರತೆ ಅಧಿಕಾರಿಗೆ ಬರೆಯಬೇಕು. ಸರ್ಕಾರಿ ಕಚೇರಿಯ ಆದೇಶ, ಫಲಕ, ಅರ್ಜಿ ನಮೂನೆಯಲ್ಲಿ ಇಂಥ ಪದ ಇದ್ದರೆ ರಾಜ್ಯ ಅಂಗವಿಕಲ ವ್ಯಕ್ತಿಗಳ ಆಯುಕ್ತರಿಗೆ ದೂರು ಕೊಡಬಹುದು. ಆಯುಕ್ತರು ಶಿಫಾರಸು ಮಾಡಿದರೆ ಆ ಪ್ರಾಧಿಕಾರ 3 ತಿಂಗಳೊಳಗೆ ಏನು ಕ್ರಮ ಕೈಗೊಂಡಿತು ಎಂದು ತಿಳಿಸಬೇಕಾಗುತ್ತದೆ.

ಕೊನೆಯದಾಗಿ ನಿಮ್ಮ ಜಾಲತಾಣದ ವಿಷಯ. ಅಚ್ಚಾದ ಪತ್ರಿಕೆ ಮರುದಿನ ರದ್ದಿಗೆ ಹೋಗುತ್ತದೆ, ಜಾಲತಾಣದ ಸುದ್ದಿ ಉಳಿಯುತ್ತದೆ. ಸುದ್ದಿಯ ಕೊಂಡಿಯಲ್ಲಿ, ಟ್ಯಾಗ್‌ನಲ್ಲಿ, ಫೋಟೊಗೆ ಕೊಟ್ಟ ವಿವರದಲ್ಲಿ ಆ ಪದ ಕೂತಿರುತ್ತದೆ. ಶೀರ್ಷಿಕೆ ಬದಲಿಸಿದರೂ ಹುಡುಕಾಟದಲ್ಲಿ ಹಳೆಯದೇ ಸಿಗಲು ಇದು ಕಾರಣ. ಹೊಸ ಪದ ಬಳಸುವ ತೀರ್ಮಾನ ಮಾಡಿದ ದಿನವೇ ಟ್ಯಾಗ್‌ಗಳ ಪಟ್ಟಿಯಿಂದ ‘ಬುದ್ಧಿಮಾಂದ್ಯ’, ‘ಬುದ್ಧಿಮಾಂದ್ಯೆ’, ‘ಮತಿಹೀನ’ ಇವನ್ನು ತೆಗೆದು, ಹಳೆಯ ಸುದ್ದಿಗಳನ್ನು ‘ಬೌದ್ಧಿಕ ಅಂಗವೈಕಲ್ಯ’ದ ಟ್ಯಾಗ್‌ಗೆ ಸೇರಿಸಲು ತಾಂತ್ರಿಕ ವಿಭಾಗಕ್ಕೆ ಹೇಳಿ. ಅತ್ಯಾಚಾರ ಪ್ರಕರಣಗಳ ಹಳೆಯ ಸುದ್ದಿಗಳಿಂದ ಶುರುಮಾಡಿ. ಅವುಗಳಲ್ಲಿ ಶಾಲೆ, ಊರು, ತಂದೆಯ ಉದ್ಯೋಗ ಇನ್ನೂ ಓದಲು ಸಿಗುವಂತಿದ್ದರೆ ಆ ಸಾಲುಗಳನ್ನು ಮೊದಲು ಅಳಿಸಿ, ಶೀರ್ಷಿಕೆಯನ್ನು ಆಮೇಲೆ ತಿದ್ದಿ.

– ಬೌದ್ಧಿಕ ಅಂಗವೈಕಲ್ಯ ಇರುವವರ ತಂದೆ ತಾಯಂದಿರು